ದಿನ ಹಿಡಿದವರು, ದಿನ ಬಿಟ್ಟವರು

ನಮ್ಮ ಬೀದರ ಕಡೆ ‘ಸೀಜನ್’ ಎಂಬ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ತೊಗರಿ ರಾಶಿಯ ಸೀಜನ್, ಲಗ್ನದ ಸೀಜನ್, ಸಕ್ಕರೆ ಕಾರ್ಖಾನೆಯ ಸೀಜನ್. ಭಾಲ್ಕಿ ಬಸ್‌ಸ್ಟ್ಯಾಂಡಿನ ಮುಂದೆ ಗಿರಾಕಿಗೆ ಕಾಯುವ ಆಟೋದವನಿಗೂ ಔರಾದ ಸಂತೆಯಲ್ಲಿ ಉದ್ದು, ಹೆಸರು ಅಳೆಯುವ ವ್ಯಾಪಾರಿಗೂ ಅದರ ಅರ್ಥ ಒಂದೇ: ಕೈಯಲ್ಲಿ ನಾಲ್ಕು ದುಡ್ಡು ಆಡುವ ದಿನಗಳು. ಈಚಿನ ವರ್ಷಗಳಲ್ಲಿ ಈ ಮಾತು ಚರ್ಚಿನ ಒಳಗೂ ಬಂದು ಕೂತಿದೆ. ‘ದೇವರು ನಿಮ್ಮನ್ನು ಹೊಸ ಸೀಜನ್‌ಗೆ ನಡೆಸುತ್ತಿದ್ದಾನೆ, ತಯಾರಾಗಿರಿ’ ಎಂದು ಬೋಧಕರು ಹೇಳುತ್ತಾರೆ, ಕೂತವರು ‘ಆಮೆನ್’ ಅನ್ನುತ್ತಾರೆ. ಆದರೆ ತಯಾರಿ ಅಂದರೇನು, ಅದನ್ನು ಯಾವಾಗ ಮಾಡಬೇಕು ಎಂದು ಕೇಳಿದರೆ ಒಂದೇ ಓಣಿಯ ಎರಡು ಮನೆಗಳಲ್ಲಿ ಎರಡು ಉತ್ತರ ಸಿಗುತ್ತದೆ.

ಒಂದು ಮನೆಯವರು ದಿನ ಹಿಡಿದವರು. ಮೆಥಡಿಸ್ಟರು, ಕಥೋಲಿಕರು ಈ ಬಗೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ, ಡಿಸೆಂಬರ್ 31ರ ರಾತ್ರಿ ಜಾಗರಣೆ, ವಿಭೂತಿ ಬುಧವಾರದಿಂದ ಈಸ್ಟರ್‌ವರೆಗೆ ತಪಸ್ಸಿನ ದಿನಗಳು. ಮೆಥಡಿಸ್ಟರಿಗೆ ಇವುಗಳ ಜೊತೆಗೆ ವರ್ಷದ ಆರಂಭದಲ್ಲಿ ಒಡಂಬಡಿಕೆಯ ಆರಾಧನೆಯೂ ಉಂಟು. ಇನ್ನೊಂದು ಮನೆಯವರು ದಿನ ಬಿಟ್ಟವರು. ಬಾಡಿಗೆ ಹಾಲಿನಲ್ಲೋ, ಪತ್ರಾ ಹೊದಿಸಿದ ಶೆಡ್ಡಿನಲ್ಲೋ, ಯಾರದೋ ಪಡಸಾಲೆಯಲ್ಲೋ ಕೂಡುವ ಪೆಂತೆಕೊಸ್ತ್ ಮತ್ತು ಸ್ವತಂತ್ರ ಸಭೆಯವರು. ಆತ್ಮ ಎಚ್ಚರಿಸಿದ ದಿನವೇ ಉಪವಾಸದ ದಿನ, ಕ್ಯಾಲೆಂಡರ್ ಯಾಕೆ ಬೇಕು ಎಂಬುದು ಅವರ ಮಾತು. ನಾನು ಮೊದಲನೆಯ ಮನೆಯಲ್ಲಿ ಹುಟ್ಟಿದವನು. ನನ್ನ ಅಣ್ಣ ಎರಡನೆಯದಕ್ಕೆ ಹೋದವನು. ಈ ವಾದ ನನಗೆ ಪುಸ್ತಕದಿಂದ ಬಂದದ್ದಲ್ಲ, ಊಟದ ತಟ್ಟೆಯ ಮುಂದೆ ಕೂತು ಕೇಳಿದ್ದು.

ದಿನ ಹಿಡಿದವರ ಪರವಾಗಿ ಮೊದಲು ಹೇಳಬೇಕಾದದ್ದನ್ನು ಈಗಿನ ಹುಡುಗರು ಮರೆತಿದ್ದಾರೆ. ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ 19ನೇ ಶತಮಾನದ ಕೊನೆಗೆ ಬೀದರಕ್ಕೆ ಬಂದಾಗ ಇದು ನಿಜಾಮನ ಸೀಮೆ. ಮಂಗಲಪೇಟೆಯ ಚರ್ಚು, ಇವತ್ತಿಗೂ ನಡೆಯುತ್ತಿರುವ ನಾರ್ಮಾ ಫೆಂಡ್ರಿಕ್ ಶಾಲೆ ಆ ಮಿಷನ್ನಿನ ಬೇರಿನಿಂದ ಬಂದವು. ಸಭೆಗೆ ಸೇರಿದವರಲ್ಲಿ ಬಹುಪಾಲು ದಲಿತ ಕೇರಿಯವರು, ಇನ್ನೊಬ್ಬರ ಹೊಲದಲ್ಲಿ ದುಡಿದು ಬದುಕುವವರು. ವರ್ಷಕ್ಕೆ ಇಷ್ಟು ಚೀಲ ಜೋಳ ಎಂದು ಗೊತ್ತು ಮಾಡಿಕೊಂಡು ದುಡಿಯುವ ಆಳಿಗೆ ‘ನನ್ನ ದಿನ’ ಎಂಬುದೇ ಇರಲಿಲ್ಲ. ಅಂಥವನು ಗೌಡನ ಮುಂದೆ ನಿಂತು, ‘ನಾಳಿ ನಮ್ಮ ಹಬ್ಬ ಅದರಿ, ನಾ ಬರಂಗಿಲ್ಲ’ ಅನ್ನಲು ಕ್ಯಾಲೆಂಡರಿನಲ್ಲಿ ಒಂದು ತಾರೀಖು ಬೇಕಿತ್ತು. ಒಳಗಿನ ಪ್ರೇರಣೆಯನ್ನು ಯಾವ ಗೌಡ ರಜೆ ಎಂದು ಒಪ್ಪುತ್ತಾನೆ? ಶುಭ ಶುಕ್ರವಾರವನ್ನು ಒಪ್ಪಿದ. ತಾರೀಖು ಬಡವನಿಗೆ ಸಿಕ್ಕ ಹಕ್ಕು. ಇದನ್ನು ಮರೆತು ಚರ್ಚಿನ ಪಂಚಾಂಗವನ್ನು ಬರೀ ಆಚಾರ ಎಂದು ತಳ್ಳಿಹಾಕುವವರ ಜೊತೆ ನನಗೆ ಸಹಮತವಿಲ್ಲ.

ಜಾಗರಣೆಯ ಹುಟ್ಟೂ ಇಂಥ ದುಡಿಯುವ ಜನರ ನಡುವೆಯೇ. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರದ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಕಾರ್ಮಿಕರು ಮೊದಲು ಶನಿವಾರದ ರಾತ್ರಿಗಳನ್ನು ಮದ್ಯದ ಅಂಗಡಿಯಲ್ಲಿ ಕಳೆಯುತ್ತಿದ್ದರು. ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯ ಬೋಧನೆ ಕೇಳಿದ ಮೇಲೆ ಅದೇ ರಾತ್ರಿಗಳನ್ನು ಕೂಡಿ ಪ್ರಾರ್ಥನೆಯಲ್ಲಿ ಕಳೆಯತೊಡಗಿದರು. ವೆಸ್ಲಿ ಅದನ್ನು ತಿಂಗಳಿಗೊಮ್ಮೆ ಎಂದು ನಿಯಮ ಮಾಡಿದ, ಅದೂ ಹುಣ್ಣಿಮೆಗೆ ಹತ್ತಿರದ ಶುಕ್ರವಾರ. ಕಾರಣ ಸರಳ: ಸರಿರಾತ್ರಿ ನಡೆದು ಮನೆ ಸೇರುವವರಿಗೆ ಬೆಳದಿಂಗಳು ಬೇಕು. ಒಡಂಬಡಿಕೆಯ ಆರಾಧನೆಯನ್ನು ಅವನು ಮೊದಲು ನಡೆಸಿದ್ದು 1755ರ ಆಗಸ್ಟ್‌ನಲ್ಲಿ, ಲಂಡನ್‌ನಲ್ಲಿ. ಹೊಸ ವರ್ಷಕ್ಕೂ ಅದಕ್ಕೂ ಗಂಟು ಬಿದ್ದದ್ದು ಆಮೇಲೆ. ಆ ಆರಾಧನೆಯಲ್ಲಿ ಸಭೆಯವರೆಲ್ಲ ಕೂಡಿ ತಮ್ಮನ್ನು ದೇವರ ಕೈಗೆ ಒಪ್ಪಿಸಿಕೊಳ್ಳುತ್ತಾರೆ: ಕೆಲಸ ಕೊಟ್ಟರೂ ಸರಿ, ಸುಮ್ಮನೆ ಕೂರಿಸಿದರೂ ಸರಿ, ತುಂಬಿದರೂ ಸರಿ, ಬರಿದು ಮಾಡಿದರೂ ಸರಿ ಎಂಬುದು ಅದರ ತಾತ್ಪರ್ಯ. ನನ್ನಷ್ಟಕ್ಕೆ ನಾನು ಪ್ರಾರ್ಥಿಸಿದರೆ ಇಂಥ ಮಾತು ನನ್ನ ಬಾಯಿಂದ ಎಂದೂ ಬರುವುದಿಲ್ಲ. ಮಗನ ನೌಕರಿ, ಹೊಲಕ್ಕೆ ಮಳೆ, ಮೊಣಕಾಲಿನ ನೋವು, ಇಷ್ಟರಲ್ಲೇ ನನ್ನ ಪ್ರಾರ್ಥನೆ ಮುಗಿಯುತ್ತದೆ. ನಾನು ಹೇಳಲು ಒಲ್ಲದ್ದನ್ನು ನನ್ನಿಂದ ಹೇಳಿಸುವುದು ಆ ಕ್ರಮ.

ಇನ್ನು ಧಾರೂರಿನ ಜಾತ್ರೆ. ತೆಲಂಗಾಣದ ವಿಕಾರಾಬಾದ್ ಬಳಿ ನವೆಂಬರಿನಲ್ಲಿ ನಡೆಯುವ ಈ ಮೆಥಡಿಸ್ಟ್ ಜಾತ್ರೆ 1923ರಲ್ಲಿ ಶುರುವಾಯಿತು, ನೂರು ವರ್ಷ ದಾಟಿತು. ಬೀದರದಿಂದ ರೈಲು ಹತ್ತಿದರೆ ವಿಕಾರಾಬಾದ್ ಜಂಕ್ಷನ್, ಅಲ್ಲಿಂದ ಧಾರೂರು ಹತ್ತಿರ. ಗಡಿಯ ಆಚೆ ಈಚೆಯ ಜನ ಹಾಸಿಗೆ, ಒಲೆ, ಜೋಳದ ಹಿಟ್ಟು ಕಟ್ಟಿಕೊಂಡು ಹೋಗಿ ಡೇರೆ ಹಾಕುತ್ತಾರೆ. 1956ರಲ್ಲಿ ಹೈದರಾಬಾದ್ ರಾಜ್ಯ ಹಂಚಿಹೋಗಿ ಬೀದರ ಮೈಸೂರಿಗೆ ಸೇರಿತು, ಜಹೀರಾಬಾದ್ ಆಂಧ್ರಕ್ಕೆ ಹೋಯಿತು, ಉದಗೀರ್ ಮುಂದೆ ಮಹಾರಾಷ್ಟ್ರದ ಪಾಲಾಯಿತು. ಒಂದೇ ಜಿಲ್ಲೆಯಾಗಿದ್ದವರು ಮೂರು ರಾಜ್ಯದವರಾದರು. ಬೀಗರು, ನೆಂಟರು ಮತ್ತೆ ಒಂದೇ ಡೇರೆಯಡಿ ಕೂತು ಕನ್ನಡ, ತೆಲುಗು, ಮರಾಠಿಯಲ್ಲಿ ಹಾಡುವುದಕ್ಕೆ ವರ್ಷಕ್ಕೊಂದು ಗೊತ್ತಾದ ವೇಳೆ ಇರುವುದರಿಂದಲೇ ಅದು ಸಾಧ್ಯ. ಆಗಮನ ಕಾಲದ ಹೊಸ್ತಿಲಲ್ಲಿ ಬರುವ ಈ ಜಾತ್ರೆಯೇ ಎಷ್ಟೋ ಮನೆಗಳ ನಿಜವಾದ ತಯಾರಿ.

ದಿನ ಹಿಡಿಯುವುದು ಈ ನೆಲದ ಗುಣವೂ ಹೌದು. 2024ರಲ್ಲಿ ಎಳ್ಳಮಾಸಿ ಡಿಸೆಂಬರ್ 30ಕ್ಕೆ ಬಂತು. ಅವತ್ತು ಹೊಲದಲ್ಲಿ ಚರಗ ಚೆಲ್ಲುವುದನ್ನು ನೋಡಿ, ಒಡೆಯರು ಕರೆದು ಕೊಟ್ಟ ಭಜ್ಜಿ, ಸಜ್ಜೆ ರೊಟ್ಟಿ ಉಂಡವರೇ ಮರುದಿನ ರಾತ್ರಿ ಜಾಗರಣೆಗೆ ಚರ್ಚಿನಲ್ಲಿದ್ದರು. 2025ರಲ್ಲಿ ಮಾರ್ಚ್ 2ಕ್ಕೆ ರೋಜಾ ಶುರುವಾದರೆ ಮಾರ್ಚ್ 5ಕ್ಕೆ ವಿಭೂತಿ ಬುಧವಾರ. ಬೆಳಗಿನ ಜಾವ ಸಹರಿಗೆ ಎದ್ದ ಮುಸ್ಲಿಂ ಮನೆಯ ದೀಪ, ಪ್ರಾರ್ಥನೆಗೆ ಎದ್ದ ಕ್ರೈಸ್ತ ಮನೆಯ ದೀಪ ಒಂದೇ ಗಲ್ಲಿಯಲ್ಲಿ ಉರಿದವು. ಪಕ್ಕದ ಮನೆಯವರು ಉಪವಾಸ ಇದ್ದಾರೆಂದು ಗೊತ್ತಿರುವಾಗ ನಮ್ಮ ಉಪವಾಸ ಗಟ್ಟಿಯಾಗುತ್ತದೆ.

ನಮ್ಮ ಅವ್ವನ ತಯಾರಿಯನ್ನು ಇಲ್ಲಿ ಹೇಳಬೇಕು. ಜೋಳದ ವಾಡೆಯ ಪಕ್ಕ ಅವಳದೊಂದು ತಗಡಿನ ಡಬ್ಬಿ ಇರುತ್ತಿತ್ತು, ಮುಚ್ಚಳಕ್ಕೆ ಅರಿವೆ ಸುತ್ತಿದ್ದು. ವಿಭೂತಿ ಬುಧವಾರದ ಹಿಂದಿನ ದಿನ ಅದನ್ನು ಬಿಸಿಲಿಗೆ ಒಣಗಿಸಿ ಖಾಲಿ ಇಡುತ್ತಿದ್ದಳು. ಮರುದಿನದಿಂದ ಬೀಸಲಿಕ್ಕೆ ಜೋಳ ತೆಗೆದಾಗಲೆಲ್ಲ ಒಂದು ಮುಷ್ಟಿ ಆ ಡಬ್ಬಿಗೆ. ಮಾತಿಲ್ಲ, ಕಣ್ಣು ಮುಚ್ಚುವುದಿಲ್ಲ, ಕೈ ಅಷ್ಟೇ ಆ ಕಡೆ ಹೋಗುತ್ತಿತ್ತು. ಬುಧವಾರದಿಂದ ಈಸ್ಟರ್ ಮುನ್ನಾದಿನದವರೆಗೆ ಎಣಿಸಿದರೆ 46 ದಿನ, ಅದರಲ್ಲಿ 6 ಭಾನುವಾರ ಲೆಕ್ಕಕ್ಕಿಲ್ಲ, ಉಳಿದದ್ದು 40. ಭಾನುವಾರವೂ ಮುಷ್ಟಿ ಹಾಕುತ್ತಿದ್ದ ಅವ್ವನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಶುಭ ಶುಕ್ರವಾರ ಡಬ್ಬಿ ತುಂಬಿರುತ್ತಿತ್ತು. ಅದು ಚರ್ಚಿಗೆ ಹೋಗಿ, ಅಲ್ಲಿಂದ ಯಾವುದೋ ವಿಧವೆಯ ಮನೆಗೆ ಹೋಗುತ್ತಿತ್ತು. ಒಂದು ಬರಗಾಲದ ವರ್ಷ ನಮ್ಮ ವಾಡೆಯ ತಳ ಕಾಣುತ್ತಿದ್ದಾಗಲೂ ಮುಷ್ಟಿ ಸಣ್ಣದಾಯಿತೇ ಹೊರತು ತಪ್ಪಲಿಲ್ಲ.

ಇಷ್ಟು ಹೇಳಿದ ಮೇಲೆ ಎದುರಿನ ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ದಿನ ಹಿಡಿದವರ ದಿನಗಳು ಈಗ ಏನಾಗಿವೆ? ಆಗಮನ ಕಾಲ ಎಂದರೆ ನಕ್ಷತ್ರದ ಲೈಟು, ಪೆಂಡಾಲು, ಬಟ್ಟೆ ಅಂಗಡಿ. ಕೂಲಿ ಮಾಡುವ ಮನೆಯವರು ಮಕ್ಕಳಿಗೆ ಹೊಸ ಬಟ್ಟೆ ತರಲು ಬಡ್ಡಿಗೆ ಸಾಲ ತರುತ್ತಾರೆ, ಆ ಸಾಲ ಈಸ್ಟರ್ ಬಂದರೂ ತೀರುವುದಿಲ್ಲ. 31ರ ರಾತ್ರಿ ವಾಗ್ದಾನದ ಚೀಟಿ ಎತ್ತಲು ಸಾಲು ನಿಲ್ಲುತ್ತದೆ. ವರ್ಷಕ್ಕೆಲ್ಲ ಸಾಕಾಗುವ ಒಂದು ವಚನ ಆ ಚೀಟಿಯಲ್ಲಿ ಇರುತ್ತದೆ. ಒಳ್ಳೆಯದು ಬಂದರೆ ಮುಖ ಅರಳುತ್ತದೆ, ಎಚ್ಚರಿಕೆಯ ವಚನ ಬಂದರೆ ‘ಇನ್ನೊಂದು ತಗೋತೀನಿ’ ಅನ್ನುವವರನ್ನು ನೋಡಿದ್ದೇನೆ.

ನನ್ನದೇ ತಪ್ಪನ್ನು ಹೇಳುತ್ತೇನೆ. ಅಣ್ಣನಿಗೂ ನನಗೂ ಹೊಲದ ಬದುವಿನ ಸಲುವಾಗಿ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಆ ಮೂರೂ ವರ್ಷ ನಾನು ಜಾಗರಣೆ ತಪ್ಪಿಸಲಿಲ್ಲ, ಒಡಂಬಡಿಕೆಯ ಆರಾಧನೆಯಲ್ಲಿ ಎಲ್ಲರ ದನಿಗೆ ದನಿ ಸೇರಿಸಿದೆ, ತಪಸ್ಸಿನ ದಿನಗಳಲ್ಲಿ ಮಾಂಸ ಮುಟ್ಟಲಿಲ್ಲ. ಕಾಣಿಕೆ ತರುವಾಗ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ ಮೊದಲು ಹೋಗಿ ರಾಜಿಯಾಗು ಎಂಬ ಯೇಸುವಿನ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ನಾನು ಅದನ್ನು ನಾಲ್ಕು ಸಲ ಗಟ್ಟಿಯಾಗಿ ಓದಿರಬಹುದು. ಕ್ರಮ ನನ್ನನ್ನು ಅಣ್ಣನ ಬಾಗಿಲ ತನಕ ಕರೆದೊಯ್ಯಲಿಲ್ಲ. ದಿನಗಳನ್ನು ಸರಿಯಾಗಿ ಆಚರಿಸಿದ ಸಮಾಧಾನವೇ ನನ್ನನ್ನು ಮನೆಯಲ್ಲಿ ಕೂರಿಸಿತ್ತು.

ಬಂದದ್ದು ಅಣ್ಣ. ಆಷಾಢದ ಒಂದು ಮಂಗಳವಾರ, ಜಿಟಿಜಿಟಿ ಮಳೆ, ಯಾವ ಹಬ್ಬವೂ ಅಲ್ಲ. ತಲೆಗೆ ಗೊಬ್ಬರದ ಚೀಲದ ಗೊಂಗಡಿ ಮಾಡಿಕೊಂಡು ಬಂದು ಕಟ್ಟೆಯ ಮೇಲೆ ಕೂತ. ‘ನಿನ್ನ ಮ್ಯಾಲ ಸಿಟ್ಟ ಇಟ್ಕೊಂಡು ಪ್ರಾರ್ಥನಾ ಮಾಡ್ಲಕ ಆಗವಲ್ದು’ ಅಂದ. ಬದುವಿನ ಮಾತು ಅವತ್ತು ಬರಲೇ ಇಲ್ಲ, ಚಹಾ ಕುಡಿದು ಎದ್ದು ಹೋದ. ನನ್ನ ಜೀವನದಲ್ಲಿ ಹೊಸ ಕಾಲ ಅಂತ ಯಾವುದಾದರೂ ಶುರುವಾಗಿದ್ದರೆ ಆ ಮಂಗಳವಾರವೇ.

ದಿನ ಬಿಟ್ಟವರಿಗೆ ಶಾಸ್ತ್ರದ ಬಲ ಕಡಿಮೆಯೇನೂ ಇಲ್ಲ. ಗಲಾತ್ಯದವರು ದಿನ, ತಿಂಗಳು, ಕಾಲಗಳನ್ನು ಆಚರಿಸುವುದನ್ನು ಕಂಡು ಪೌಲ ತನ್ನ ದುಡಿಮೆ ನೀರಿನಲ್ಲಿ ಹೋಮವಾಯಿತೇನೋ ಎಂದು ಹೆದರುತ್ತಾನೆ. ಸುಂಕದ ಜಕ್ಕಾಯ ನಲವತ್ತು ದಿನ ಕಾಯಲಿಲ್ಲ. ಮರದಿಂದ ಇಳಿದ ದಿನವೇ ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಒಪ್ಪಿಕೊಂಡ. 1522ರಲ್ಲಿ ಜ್ಯೂರಿಕ್ ನಗರದ ಮುದ್ರಕ ಫ್ರೋಶಾವರ್‌ನ ಮನೆಯಲ್ಲಿ ತಪಸ್ಸಿನ ದಿನಗಳಲ್ಲೇ ಮಾಂಸದ ತಿನಿಸು ತಿಂದದ್ದು ದೊಡ್ಡ ಗಲಾಟೆಯಾಯಿತು. ಅಲ್ಲೇ ಇದ್ದ ಪಾದ್ರಿ ಜ್ವಿಂಗ್ಲಿ ತಾನು ತಿನ್ನಲಿಲ್ಲ, ಆದರೆ ತಿಂದವರ ಪರವಾಗಿ ಬೋಧಿಸಿದ. ಉಪವಾಸ ಮನಸ್ಸಿದ್ದರೆ ಮಾಡು, ಕಾನೂನೆಂದು ಹೇರಬೇಡ ಎಂಬುದು ಅವನ ವಾದ. ಸ್ವಿಸ್ ಚರ್ಚ್ ಸುಧಾರಣೆ ಅಲ್ಲಿಂದ ಮೊದಲಾಯಿತು ಎಂದು ಹಲವರು ಎಣಿಸುತ್ತಾರೆ.

ಆದರೆ ನನ್ನನ್ನು ಅಲುಗಾಡಿಸಿದ್ದು ಜ್ವಿಂಗ್ಲಿ ಅಲ್ಲ, ಔರಾದ ಕಡೆಯ ಲಾರಿಗಳು. ದಸರೆ, ದೀಪಾವಳಿ ಮುಗಿಯುತ್ತಿದ್ದಂತೆ ಅಲ್ಲಿನ ಹಳ್ಳಿಗಳಿಂದ ಜನ ಗುಳೆ ಹೊರಡುತ್ತಾರೆ. ಕೆಲವರು ಕಬ್ಬು ಕಡಿಯಲು, ಕೆಲವರು ಹೈದರಾಬಾದ್, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ. ಆಳುಗಳನ್ನು ಕರೆದೊಯ್ಯುವ ಮುಕಾದಮನಿಂದ ಮುಂಗಡ ತಂದು ತಿಂದಾಗಿರುತ್ತದೆ, ಹೋಗದೆ ಗತಿಯಿಲ್ಲ. ಕಬ್ಬಿಗೆ ಹೋದವರು ಹಿಂದಿರುಗುವುದು ಬೇಸಿಗೆಗೆ. ಲೆಕ್ಕ ಹಾಕಿ: ಆಗಮನ ಕಾಲ, ಕ್ರಿಸ್‌ಮಸ್, ಜಾಗರಣೆ, ಒಡಂಬಡಿಕೆ, ತಪಸ್ಸಿನ ದಿನಗಳು, ಚರ್ಚಿನ ಪಂಚಾಂಗದಲ್ಲಿ ತಯಾರಿ ಅನ್ನುವುದೆಲ್ಲ ಅವರು ಪ್ಲಾಸ್ಟಿಕ್ ಹೊದಿಸಿದ ಗುಡಿಸಲಿನಲ್ಲಿ ಇರುವಾಗಲೇ ಕಳೆದುಹೋಗುತ್ತದೆ. ಬಡವನಿಗೆ ತಾರೀಖು ಕೊಟ್ಟ ಹಕ್ಕನ್ನು ಗುಳೆ ಕಿತ್ತುಕೊಂಡಿತು. ಅವರಿಗೆ ಹೊಸ ಕಾಲ ಅಂದರೆ ಲಾರಿ ಹತ್ತುವ ರಾತ್ರಿ. ಅಂಥ ಒಂದು ರಾತ್ರಿ ನಾನು ಹತ್ತಿರದಲ್ಲಿ ನಿಂತು ನೋಡಿದ್ದೇನೆ. ಮನೆಯ ಮುಂದೆ ಪಾತ್ರೆಯ ಚೀಲ, ಹಗ್ಗ ಕಟ್ಟಿದ ಟ್ರಂಕು, ಕೊಡದಲ್ಲಿ ತುಂಬಿದ ಹಿಟ್ಟು. ಮುದುಕಿಯೊಬ್ಬಳು ಶಾಲೆಗೆ ಹೋಗುವ ಮೊಮ್ಮಗನ ಜೊತೆ ಹಿಂದೆ ಉಳಿಯುವವಳು. ಸಣ್ಣ ಸಭೆಯೊಂದರ ನಾಲ್ಕು ಜನ ಬಂದು ಆ ಟ್ರಂಕಿನ ಸುತ್ತ ಮೊಣಕಾಲೂರಿ ಮರಾಠಿಯಲ್ಲಿ, ಕನ್ನಡದಲ್ಲಿ ಪ್ರಾರ್ಥಿಸಿದರು. ಹೋಗುವವರಿಗೆ ಒಂದು ಮೊಬೈಲ್ ನಂಬರು ಕೊಟ್ಟು ಭಾನುವಾರ ಸಂಜೆ ಫೋನಿನಲ್ಲಿ ಕೂಡೋಣ ಅಂದರು. ನಮ್ಮ ಕಡೆಯವರು, ದಿನ ಹಿಡಿದವರು, ಅಲ್ಲಿ ಯಾರೂ ಇರಲಿಲ್ಲ. ನಾನಿದ್ದೆ, ಆದರೆ ಬೇರೆ ಕೆಲಸಕ್ಕೆ ಹೋದವನು.

ಹಾಗೆಂದು ದಿನ ಬಿಟ್ಟವರ ಕಡೆಯ ತಕ್ಕಡಿಯಲ್ಲೂ ಕಲ್ಲುಗಳಿವೆ. ಕ್ಯಾಲೆಂಡರ್ ಬೇಡ ಅಂದವರೇ ಈಗ ಜನವರಿ ಬಂತೆಂದರೆ 21 ದಿನಗಳ ಉಪವಾಸ ಇಡುತ್ತಾರೆ. ದಾನಿಯೇಲ ಮೂರು ವಾರ ಶೋಕಿಸಿದ ಪ್ರಸಂಗ ಅದಕ್ಕೆ ಆಧಾರ. ಅದೂ ಒಂದು ಪಂಚಾಂಗವೇ ಆಯಿತಲ್ಲ. ಅದಕ್ಕಿಂತ ಹೆಚ್ಚು ನನಗೆ ಭಯ ಹುಟ್ಟಿಸುವುದು ಇನ್ನೊಂದು. ಹಳೆಯ ಪಂಚಾಂಗ ಯಾರೊಬ್ಬರದೂ ಅಲ್ಲ. ಬಿಷಪ್ಪರೂ ವಿಭೂತಿ ಬುಧವಾರವನ್ನು ತಮಗೆ ಬೇಕಾದಂತೆ ಸರಿಸಲಾರರು. ಹೋದ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟ ಬೂದಿಯನ್ನು ಪಾದ್ರಿಯೂ ತನ್ನ ಹಣೆಗೆ ಹಚ್ಚಿಸಿಕೊಳ್ಳಬೇಕು. ಪಂಚಾಂಗ ಇಲ್ಲದ ಕಡೆ ‘ಹೊಸ ಸೀಜನ್’ ಯಾವಾಗ ಬಂತು, ಯಾರಿಗೆ ಬಂತು ಎಂದು ಹೇಳುವ ಅಧಿಕಾರ ಒಬ್ಬ ಬೋಧಕನ ಬಾಯಿಗೆ ಹೋಗುತ್ತದೆ. ಅವನು ಒಳ್ಳೆಯವನಾದರೆ ಸಭೆ ಬದುಕುತ್ತದೆ. ಅಲ್ಲದಿದ್ದರೆ ಬಿತ್ತನೆಯ ಬೀಜಕ್ಕೆ ಇಟ್ಟ ದುಡ್ಡು ಕಾಣಿಕೆಯ ಡಬ್ಬಿ ಸೇರುತ್ತದೆ, ಸಕ್ಕರೆ ಕಾಯಿಲೆಯ ಹೆಂಗಸು ಗುಳಿಗೆ ಬಿಟ್ಟು ಉಪವಾಸ ಕೂರುತ್ತಾಳೆ. ಉಪವಾಸಕ್ಕಿಂತ ಕಟ್ಟಿದವರ ಕಟ್ಟು ಬಿಚ್ಚುವುದು, ಹಸಿದವರಿಗೆ ಅನ್ನ ಹಂಚುವುದು ಮೇಲು ಎಂದು ಯೆಶಾಯ ಹೇಳಿದ್ದು ಎರಡೂ ಮನೆಯವರಿಗೆ ಅನ್ವಯಿಸುತ್ತದೆ. ಅಣ್ಣನ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಆತ್ಮ ಅವನನ್ನು ಎಚ್ಚರಿಸಿದ್ದು ಮೂರು ವರ್ಷದ ಮೇಲೆ. ಅಲ್ಲಿಯವರೆಗೆ ಅವನ ಸಭೆಯಲ್ಲೂ ‘ನಿನ್ನ ತಮ್ಮನ ಸುದ್ದಿ ಏನು?’ ಎಂದು ಕೇಳಿದವರಿಲ್ಲ. ಗೊತ್ತಾದ ದಿನ ಒಂದಿದ್ದು, ಅವತ್ತು ಹಿರಿಯರು ಕೇಳಲೇಬೇಕು ಎಂದಿದ್ದರೆ, ನಾನಲ್ಲದಿದ್ದರೆ ಅವನಾದರೂ ಮೊದಲೇ ಬರುತ್ತಿದ್ದನೋ ಏನೋ.

ನನ್ನ ಮನಸ್ಸು ಎತ್ತ ವಾಲುತ್ತದೆ ಎಂದು ಕೇಳಿದರೆ ಹೊಲವನ್ನೇ ತೋರಿಸುತ್ತೇನೆ. ಹಿಂಗಾರಿ ಜೋಳ ಕಿತ್ತ ಮೇಲೆ ನಮ್ಮವರು ಮಾಗಿ ಉಳುಮೆ ಮಾಡುತ್ತಾರೆ. ಅದು ಬರುವುದೂ ತಪಸ್ಸಿನ ದಿನಗಳ ಆಸುಪಾಸಿಗೆ. ಹೆಂಟೆಗಳನ್ನು ಬಿಸಿಲಿಗೆ ತಿರುವಿ ಹಾಕಿ ಮೃಗಶಿರಾ ಮಳೆಗೆ ಕಾಯುತ್ತಾರೆ. ಉಳುಮೆಗೆ ಹಂಗಾಮು ಉಂಟು, ಅದನ್ನು ತಪ್ಪಿಸಿದವನಿಗೆ ಮಳೆ ಬಂದರೂ ಪ್ರಯೋಜನವಿಲ್ಲ. ಬಿತ್ತುವುದಕ್ಕೆ ಮಾತ್ರ ತಾರೀಖಿಲ್ಲ. ಹದ ಮಳೆ ಆದ ದಿನ ಮದುವೆ ಇದ್ದರೂ ಬಿಟ್ಟು ಹೊಲಕ್ಕೆ ಓಡಬೇಕು. ಪಾಳು ಬಿದ್ದ ನೆಲವನ್ನು ಉತ್ತು ಹದಮಾಡಿ ಎಂದು ಹೋಶೇಯನೂ ಇಂಥ ಒಕ್ಕಲುತನದ ಮಾತನ್ನೇ ಆಡಿದ. ಹಾಗಾಗಿ ದಿನಗಳು ಇರಬೇಕು ಎಂಬ ಪಕ್ಷದವನು ನಾನು. ಅವ್ವನ ಡಬ್ಬಿ ತುಂಬಿದ್ದು ಬುಧವಾರ ಎಂಬ ಒಂದು ಮೊದಲು, ಶುಕ್ರವಾರ ಎಂಬ ಒಂದು ಕೊನೆ ಇದ್ದದ್ದರಿಂದ. ಆದರೆ ಅಣ್ಣ ಬಂದ ಮಂಗಳವಾರವನ್ನು ನನ್ನ ಪಂಚಾಂಗ ಹುಟ್ಟಿಸಲಾರದು. ಒಬ್ಬನು ಒಂದು ದಿನವನ್ನು ವಿಶೇಷ ಎಂದು ಎಣಿಸುತ್ತಾನೆ, ಇನ್ನೊಬ್ಬನು ಎಲ್ಲ ದಿನವೂ ಒಂದೇ ಎಂದು ಎಣಿಸುತ್ತಾನೆ, ಇಬ್ಬರೂ ತಮ್ಮ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ ಎಂದು ರೋಮಾಪುರದವರಿಗೆ ಬರೆದವನೂ ಅದೇ ಪೌಲನೇ.

ಇಷ್ಟಾದ ಮೇಲೆ ಎರಡು ಬೇಡಿಕೆ ಉಳಿದಿವೆ. ಮೊದಲನೆಯದು ಅಣ್ಣನ ಸಭೆಯಂಥ ಸಭೆಗಳಿಗೆ: ವರ್ಷದಲ್ಲಿ ಒಂದು ದಿನವನ್ನಾದರೂ ಗೊತ್ತು ಮಾಡಿ, ಅವತ್ತು ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂದು ಹಿರಿಯರು ಮನೆ ಮನೆಗೆ ಹೋಗಿ ಕೇಳಲಿ. ಎರಡನೆಯದು ನಮ್ಮ ಮೆಥಡಿಸ್ಟ್ ಪಂಚಾಯತಿಗಳಿಗೆ, ಬೀದರ, ಭಾಲ್ಕಿ, ಔರಾದ ಮೂರೂ ಕಡೆ: ಒಡಂಬಡಿಕೆಯ ಆರಾಧನೆ ಜನವರಿಯಲ್ಲೇ ನಡೆಯಲಿ, ಆದರೆ ಅದನ್ನು ಇನ್ನೊಂದು ಸಲ ದಸರೆ ಮುಗಿದ ವಾರವೂ ನಡೆಸಿ. ವೆಸ್ಲಿ ಮೊದಲ ಸಲ ನಡೆಸಿದ್ದು ಆಗಸ್ಟ್‌ನಲ್ಲಿ, ಆದ್ದರಿಂದ ಕ್ರಮ ಕೆಟ್ಟಿತೆಂಬ ಅಂಜಿಕೆ ಬೇಡ. ಲಾರಿ ಹೊರಡುವ ಹಿಂದಿನ ಸಂಜೆ ಚರ್ಚಿನ ಬಾಗಿಲು ತೆಗೆದಿಡಿ, ಹೋಗುವವರ ಹೆಸರು ಬರೆದುಕೊಳ್ಳಿ, ಹಿಂದೆ ಉಳಿಯುವ ಮುದುಕಿಯ ಮನೆಗೆ ವಾರಕ್ಕೊಮ್ಮೆ ಯಾರು ಹೋಗುತ್ತಾರೆ ಎಂದು ಅವತ್ತೇ ಗೊತ್ತು ಮಾಡಿ.